ಜೋಗಿಮಟ್ಟಿಯ ಕಣ್ಣಿಗೆ ಬೀಳದ ಹಕ್ಕಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಚಿತ್ರದುರ್ಗದ ನಾವು ನಾಲ್ಕೈದು ಜನ ಭಾನುವಾರ ಬೆಳಗ್ಗೆ ಜೋಗಿಮಟ್ಟಿ ಕಡೆ ಹೋಗುತ್ತೇವೆ. ಗುಂಪಿಗೆ ಹೆಸರಿಲ್ಲ, ಬ್ಯಾನರ್ ಇಲ್ಲ. ಒಬ್ಬರು ಮೇಷ್ಟ್ರು, ಒಬ್ಬರು ಬ್ಯಾಂಕಿನವರು, ನನ್ನದು ಝೆರಾಕ್ಸ್ ಅಂಗಡಿ. ಅಂಗಡಿಗೆ ಬಂದವರು ಗೋಡೆ ಮೇಲಿನ ಹಕ್ಕಿ ಫೋಟೋ ನೋಡಿ ಕೇಳಿದ್ದನ್ನೇ ಕೇಳುತ್ತಾರೆ. ಮಾರ್ಕ್ಸ್ ಕಾರ್ಡ್ ಝೆರಾಕ್ಸ್ ತೆಗೆಯುತ್ತಾ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಎಲ್ಲಾ ಒಂದು ಕಡೆ ಬರೆದಿಟ್ಟಿದ್ದೇನೆ.

ಚಿತ್ರದುರ್ಗದಂಥ ಬಿಸಿಲೂರಲ್ಲಿ ಎಂಥ ಬೆಟ್ಟದ ಕಾಡು ಸ್ವಾಮಿ?

ಇದೆ. ಊರಿಂದ ಹತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಜೋಗಿಮಟ್ಟಿ ಇದೆ. ಜಿಲ್ಲೆಯ ಅತಿ ಎತ್ತರದ ಜಾಗ. ಈಗ ಅದು ವನ್ಯಜೀವಿ ಧಾಮ. ಆಗುಂಬೆಯ ಹಾಗೆ ಕತ್ತಲು ಕವಿದ ಕಾಡಲ್ಲ. ಕುರುಚಲು ಗಿಡ, ಬಂಡೆ, ಬಾದೆಹುಲ್ಲು, ಕವಳೆ, ಕಾರೆ, ಎಲ್ಲಿ ನೋಡಿದರೂ ಸೀತಾಫಲ. ಬೇಸಿಗೆಯಲ್ಲಿ ನೋಡಿದರೆ ಇಲ್ಲಿ ಕಾಗೆಯೂ ಇರಲಿಕ್ಕಿಲ್ಲ ಅನ್ನಿಸುತ್ತದೆ. ಜುಲೈ, ಆಗಸ್ಟಿನಲ್ಲಿ ಅದೇ ಗುಡ್ಡದ ನೆತ್ತಿ ಮೋಡದೊಳಗೆ ಇರುತ್ತದೆ. ಅಲ್ಲಿನ ಹಿಮವತ್ಕೇದಾರ ಅನ್ನುವ ಜಾಗದ ಹತ್ತಿರ ನೀರು ಜಿನುಗುವ ಕೊರಕಲಿಗೆ ಇಳಿದರೆ ಮೈಗೆ ತಣ್ಣಗೆ ತಾಗುತ್ತದೆ. ಒಣ ಗುಡ್ಡದ ನಡುವಿನ ಈ ತಂಪು ಕೊರಕಲುಗಳಲ್ಲೇ ನಾವು ಹುಡುಕುವ ಹಕ್ಕಿಗಳು ಅಡಗಿರುವುದು.

ಕೆಲವು ಹಕ್ಕಿ ಯಾಕೆ ಕಾಣುವುದೇ ಇಲ್ಲ? ನಾಚಿಕೆನಾ?

ನಾಚಿಕೆ ಅನ್ನುವುದು ನಮ್ಮ ಮಾತು. ನೆಲದಲ್ಲಿ ಓಡಾಡಿ ತಿನ್ನುವ ಹಕ್ಕಿಗೆ ಮುಂಗುಸಿ, ಕಾಡುಬೆಕ್ಕು, ಹಾವು, ಗಿಡುಗ ಎಲ್ಲದರ ಭಯ. ಬಯಲಿಗೆ ಬಂದರೆ ಜೀವಕ್ಕೇ ಕುತ್ತು. ಹಾಗಾಗಿ ಪೊದೆ ಬಿಟ್ಟು ಬರಲ್ಲ, ಬಂದರೂ ಎರಡು ನಿಮಿಷ. ಇನ್ನು ಕೆಲವಕ್ಕೆ ನೆಲದ ಬಣ್ಣವೇ ಮೈಬಣ್ಣ. ಎದುರಿಗೇ ಕೂತಿದ್ದರೂ ನಮಗೆ ಕಾಣುವುದು ಒಣ ಎಲೆ.

ಒಂದು ವಿಷಯದಲ್ಲಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಕಾಣದ ಹಕ್ಕಿ ಎಲ್ಲಾ ಅಪರೂಪದ ಹಕ್ಕಿ ಅಲ್ಲ. ರಾತ್ರಿ ಹೊತ್ತು ಓಡಾಡುವ ನತ್ತಿಂಗ ಅನ್ನುವ ಹಕ್ಕಿ ನಮ್ಮ ಜಿಲ್ಲೆಯ ತುಂಬಾ ಇದೆ, ನೋಡಿದವರು ಕಡಿಮೆ ಅಷ್ಟೇ. ಹಳದಿ ಕೊರಳಿನ ಪಿಕಳಾರದ್ದು ಇದಕ್ಕೆ ಉಲ್ಟಾ. ಇರುವ ಜಾಗಕ್ಕೆ ಹೋದರೆ ಕಾಣಬಹುದು, ಆದರೆ ಅಂಥ ಜಾಗಗಳೇ ಕಡಿಮೆ.

ಮೊದಲು ಯಾವ ಹಕ್ಕಿ ಹುಡುಕಲಿ?

ಅದೇ, ಹಳದಿ ಕೊರಳಿನ ಪಿಕಳಾರ. ಇಂಗ್ಲಿಷಿನವರು ಯೆಲ್ಲೋ ಥ್ರೋಟೆಡ್ ಬುಲ್‌ಬುಲ್ ಅನ್ನುತ್ತಾರೆ. ದಕ್ಷಿಣ ಭಾರತದ ಬಂಡೆ ಗುಡ್ಡಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನಂದಿ ಬೆಟ್ಟದಲ್ಲಿದೆ, ಹಂಪಿ ಕಡೆ ಇದೆ, ನಮ್ಮಲ್ಲಿದೆ. ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಪಾಯದ ಅಂಚಿಗೆ ಬಂದ ಹಕ್ಕಿಗಳ ಸಾಲಿಗೆ ಇದನ್ನು ಸೇರಿಸಿದ್ದಾರೆ. ಕಾರಣ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಅದಕ್ಕೆ ಬೇಕಾಗಿರುವುದು ಬಂಡೆ, ಬಂಡೆ ಸಂದಿನ ಪೊದೆ. ನಮಗೂ ಬೇಕಾಗಿರುವುದು ಬಂಡೆ, ಜಲ್ಲಿ ಕಲ್ಲಿಗೆ.

ನನಗೆ ಮೊದಲ ಸಲ ಕಂಡಿದ್ದು ಒಂದು ಮಾರ್ಚ್ ತಿಂಗಳಲ್ಲಿ. ಬಂಡೆಯ ಬಿರುಕಿನಿಂದ ನೀರು ಬೊಟ್ಟು ಬೊಟ್ಟಾಗಿ ಇಳಿದು, ಕೆಳಗೆ ಅಂಗೈಯಷ್ಟು ಗುಂಡಿಯಲ್ಲಿ ನಿಂತಿತ್ತು. ನಾನು ಎದುರು ಬಂಡೆಯ ನೆರಳಿಗೆ ಬೆನ್ನು ಕೊಟ್ಟು ಕೂತಿದ್ದೆ. ಮೊದಲು ಕೆಮ್ಮೀಸೆ ಪಿಕಳಾರ ಬಂದು ದರ್ಬಾರು ಮಾಡಿಕೊಂಡು ನೀರು ಕುಡಿದು ಹೋಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಕತ್ತು ತುರಿಸಿಕೊಳ್ಳಬೇಕು ಅನ್ನುವಷ್ಟರಲ್ಲಿ ಪೊದೆಯಿಂದ ಒಂದು ಹಕ್ಕಿ ಜಾರಿ ಬಂತು, ಹಾರಿ ಬಂತು ಅನ್ನುವ ಹಾಗಿರಲಿಲ್ಲ. ಬಂಡೆಯ ಓರೆಗೆ ಅಂಟಿಕೊಂಡು ಆ ಕಡೆ ಈ ಕಡೆ ನೋಡಿತು. ತಲೆ ಹಳದಿ ಕಲೆಸಿದ ಹಸಿರು. ಗಂಟಲು ಅರಿಸಿನ ಹಚ್ಚಿದ ಹಾಗೆ. ಎದೆ, ಹೊಟ್ಟೆ ಮಾಸಲು ಬೂದು. ಬಗ್ಗಿ ಒಂದು ಗುಟುಕು ಕುಡಿದು ಕತ್ತೆತ್ತಿದಾಗ ಆ ಹಳದಿ ಗಂಟಲು ಒಮ್ಮೆ ನಡುಗಿದ್ದು ಕಂಡಿತು. ಮೂರನೇ ಗುಟುಕಿಗೆ ನನ್ನ ಮೊಬೈಲ್ ಕಿರುಗುಟ್ಟಿತು. ಮನೆಯವಳ ಫೋನು, ಬರುವಾಗ ಕೊತ್ತಂಬರಿ ತನ್ನಿ ಅಂತ. ಹಕ್ಕಿ ಹೋಯಿತು. ಕೊತ್ತಂಬರಿ ತಂದೆ.

ಬಿಳಿ ಹುಬ್ಬಿನ ಪಿಕಳಾರವನ್ನೇ ನೋಡಿ ಇದು ಅಂದುಕೊಂಡರೆ?

ಎಲ್ಲರೂ ಒಂದು ಸಲ ಹಾಗೆ ಅಂದುಕೊಳ್ಳುತ್ತಾರೆ, ನಾನೂ ಅಂದುಕೊಂಡಿದ್ದೆ. ಕಣ್ಣಿನ ಮೇಲೆ ಬಿಳಿ ಗೀಟು ಇದ್ದರೆ ಅದು ಬಿಳಿ ಹುಬ್ಬಿನದು. ಅದರ ಕೂಗೂ ಗಡಿಬಿಡಿ, ಗುಳುಗುಳು ಸದ್ದು ಮಾಡುತ್ತಾ ಪೊದೆಯಿಂದ ಪೊದೆಗೆ ಹೋಗುತ್ತದೆ. ನಮ್ಮ ಹಕ್ಕಿಗೆ ಹುಬ್ಬಿಲ್ಲ, ಗಂಟಲ ಹಳದಿ ಎದ್ದು ಕಾಣುತ್ತದೆ, ಬಾಲದ ತುದಿಯೂ ತಿಳಿ ಹಳದಿ. ಬಾಲದ ಬುಡದ ಹಳದಿ ಎರಡಕ್ಕೂ ಇದೆ, ಅದನ್ನು ನಂಬಿ ಮೋಸ ಹೋಗಬೇಡಿ.

ಚಿಟ್ಟುಕೋಳಿ ನೋಡಲೇಬೇಕು. ಏನು ಮಾಡಲಿ?

ಕಿವಿ ತಯಾರು ಮಾಡಿಕೊಳ್ಳಿ.

ನೀವು ಕೇಳುತ್ತಿರುವುದು ಪೇಂಟೆಡ್ ಸ್ಪರ್‌ಫೌಲ್ ಅನ್ನುವ ಚಿಟ್ಟುಕೋಳಿಯ ಬಗ್ಗೆ. ನಾಟಿ ಕೋಳಿಗಿಂತ ಚಿಕ್ಕದು. ಹುಂಜದ ಮೈ ಇಟ್ಟಿಗೆ ಕೆಂಪು, ಮೇಲೆಲ್ಲಾ ಕಪ್ಪು ಅಂಚಿನ ಬಿಳಿ ಚುಕ್ಕಿ, ತಲೆ ಕಪ್ಪು, ಅಲ್ಲೂ ಸಣ್ಣ ಬಿಳಿ ಚುಕ್ಕಿ. ಹೇಟೆ ಸಾದಾ ಕಂದು. ಕಾಲಿನಲ್ಲಿ ಒಂದಕ್ಕಿಂತ ಹೆಚ್ಚು ಮುಳ್ಳು, ಇಂಗ್ಲಿಷಿನ ಆ ಹೆಸರು ಬಂದಿದ್ದು ಅದರಿಂದಲೇ. ಸಾಮಾನ್ಯವಾಗಿ ಜೋಡಿಯಾಗಿ ಇರುತ್ತವೆ. ಹೆದರಿದರೆ ಹಾರುವುದಕ್ಕಿಂತ ಓಡುವುದೇ ಜಾಸ್ತಿ. ಬಂಡೆ ಸಂದಿಯಲ್ಲಿ ಇಲಿಯ ಹಾಗೆ ನುಗ್ಗಿ ಮಾಯ.

ಒಣ ಎಲೆ ಮೇಲಿನ ಸದ್ದನ್ನು ಬಿಡಿಸಿ ಕೇಳುವುದು ಕಲಿಯಿರಿ. ಓತಿಕ್ಯಾತ ಓಡಿದರೆ ಸರ್ರನೆ ಒಂದು ಗೆರೆ ಎಳೆದ ಹಾಗೆ, ತಟ್ಟನೆ ನಿಲ್ಲುತ್ತದೆ. ಹರಟೆಮಲ್ಲಗಳಾದರೆ ಏಳೆಂಟು ಒಟ್ಟಿಗೆ ಎಲೆ ಎಗರಿಸುತ್ತವೆ, ಜೊತೆಗೆ ಜಗಳ ಬೇರೆ, ಮದುವೆ ಮನೆಯ ಗಲಾಟೆ. ಮುಂಗುಸಿ ನಿಲ್ಲದೆ ಹೋಗುತ್ತಲೇ ಇರುತ್ತದೆ. ಚಿಟ್ಟುಕೋಳಿದು ಬೇರೆ: ಚರಕ್, ಚರಕ್ ಅಂತ ಎರಡು ಸಲ ಕೆದರುತ್ತದೆ, ನಿಲ್ಲುತ್ತದೆ. ಆ ನಿಂತ ಹೊತ್ತಿನಲ್ಲಿ ಅದೂ ನಿಮ್ಮನ್ನು ಕೇಳಿಸಿಕೊಳ್ಳುತ್ತಿರುತ್ತದೆ. ಮತ್ತೆ ಚರಕ್, ಚರಕ್. ಆ ಬಿಡುವಿನಲ್ಲಿ ಕಾಲು ಸರಿಸಿದಿರೋ, ಅವತ್ತಿನ ಕಥೆ ಮುಗಿಯಿತು.

ನಾನು ಹನ್ನೊಂದು ಸಲ ಹೋದ ಮೇಲೆ ನೋಡಿದ್ದು. ಅದೂ ಪೂರ್ತಿ ಅಲ್ಲ. ಸೀತಾಫಲದ ಗಿಡದ ಕೆಳಗೆ ಒಂದು ಕಾಲು, ಒಂದಿಷ್ಟು ಚುಕ್ಕಿ, ಆಮೇಲೆ ಬರೀ ಎಲೆ ಅಲ್ಲಾಡುತ್ತಿದ್ದದ್ದು. ನನ್ನ ಪಟ್ಟಿಯಲ್ಲಿ ಅದನ್ನು ನೋಡಿದೆ ಅಂತಲೇ ಬರೆದುಕೊಂಡಿದ್ದೇನೆ. ಮೇಷ್ಟ್ರು ಒಪ್ಪಿಲ್ಲ.

ನವರಂಗ ನಮ್ಮ ಕಡೆ ಬರುತ್ತಾ?

ಬರುತ್ತದೆ, ಚಳಿಗಾಲಕ್ಕೆ. ಮಳೆಗಾಲದಲ್ಲಿ ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಡೆ ಮರಿ ಮಾಡಿ, ಅಕ್ಟೋಬರ್ ಹೊತ್ತಿಗೆ ದಕ್ಷಿಣಕ್ಕೆ ಇಳಿಯುತ್ತದೆ. ಗಿಡ್ಡ ಬಾಲದ ಗುಂಡನೆಯ ಹಕ್ಕಿ. ಹಸಿರು, ನೀಲಿ, ಕೆಂಪು, ಕಪ್ಪು, ಬಿಳಿ ಎಲ್ಲಾ ಬಣ್ಣವನ್ನೂ ಮೈಗೆ ಬಳಿದುಕೊಂಡಿದೆ. ಇಷ್ಟು ಬಣ್ಣ ಇಟ್ಟುಕೊಂಡು ಅದು ಕಾಣದೆ ಇರುವುದು ಹೇಗೆ ಅಂತ ನನಗೂ ಮೊದಲು ಅನುಮಾನವಿತ್ತು. ನೆರಳಲ್ಲಿ ಬೆನ್ನು ತಿರುಗಿಸಿ ಕೂತರೆ ಅದರ ಹಸಿರು ನೆಲದ ಹಸಿರೇ. ಬೆಳಕು ಹರಿಯುವಾಗ, ಕತ್ತಲಾಗುವಾಗ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಸಿಳ್ಳೆ ಬಂದ ಕಡೆ ಎಲೆ ತಿರುವಿ ಹಾಕುತ್ತಿರುವ ಸದ್ದು ಕೇಳಿ.

ಇನ್ನೊಂದು ಮಾತು. ರಾತ್ರಿ ದೂರದಿಂದ ಹಾರಿ ಬಂದು ಸುಸ್ತಾದ ನವರಂಗ ಕೆಲವೊಮ್ಮೆ ಊರೊಳಗೆ, ಮನೆಯ ವರಾಂಡಕ್ಕೇ ಬಂದು ಬೀಳುತ್ತದೆ. ಸಿಕ್ಕರೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ, ಸದ್ದಿಲ್ಲದ ಕತ್ತಲ ಜಾಗದಲ್ಲಿ ಇಡಿ. ಬಾಯಿ ಬಿಡಿಸಿ ನೀರು ಹುಯ್ಯಬೇಡಿ, ಅನ್ನ ತುರುಕಬೇಡಿ. ಚೇತರಿಸಿಕೊಂಡರೆ ಗಿಡ ಮರ ಇರುವ ಕಡೆ ಬಿಡಿ. ಗಾಯ ಇದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಸೆಲ್ಫಿ ಆಮೇಲೆ. ಆಮೇಲೂ ಬೇಡ.

ರಾತ್ರಿ ಹಕ್ಕಿ ನೋಡಬಹುದಾ? ಗೂಬೆ ನೋಡಿದರೆ ಅಪಶಕುನ ಅಂತಾರಲ್ಲ?

ಧಾಮದೊಳಗೆ ರಾತ್ರಿ ಹೋಗುವ ಹಾಗಿಲ್ಲ. ಹೊರಗಿನ ಹಳ್ಳಿ ದಾರಿಯಲ್ಲೇ ಸಾಕಷ್ಟು ಸಿಗುತ್ತದೆ. ಮಣ್ಣು ರಸ್ತೆಯಲ್ಲಿ ಬೈಕಿನ ಲೈಟಿಗೆ ಎರಡು ಕೆಂಡ ಹೊಳೆದು, ಹತ್ತಿರ ಹೋದ ಕೂಡಲೇ ಸದ್ದಿಲ್ಲದೆ ಮೇಲೆದ್ದರೆ ಅದು ನತ್ತಿಂಗ. ಅದರ ಕೂಗು ಕೇಳಬೇಕು: ಕಲ್ಲು ಹಾಸಿನ ಮೇಲೆ ಗೋಲಿ ಬಿಟ್ಟ ಹಾಗೆ, ಟಕ್, ಟಕ್, ಟಕ್, ಆಮೇಲೆ ಟರ್ರ್ ಅಂತ ಉರುಳಿ ನಿಲ್ಲುತ್ತದೆ. ಗೂಡು ಕಟ್ಟುವುದಿಲ್ಲ, ಬರಿ ನೆಲದ ಮೇಲೇ ಮೊಟ್ಟೆ. ಬೇಸಿಗೆಯಲ್ಲಿ ದಾರಿ ಬಿಟ್ಟು ನಡೆಯಬೇಡಿ ಅನ್ನುವುದಕ್ಕೆ ಅದೂ ಒಂದು ಕಾರಣ.

ಬಂಡೆ ಗುಡ್ಡಗಳಲ್ಲಿ ಕೊಂಬಿನ ಗೂಬೆ ಇದೆ. ಕಿತ್ತಳೆ ಕಣ್ಣು, ತಲೆ ಮೇಲೆ ಎರಡು ಪುಕ್ಕದ ಕೊಂಬು, ಸಂಜೆ ಬಂಡೆಯ ತುದಿಗೆ ಬಂದು ಬೂ... ಬೂ... ಅಂತ ಆಳದಿಂದ ಕೂಗುತ್ತದೆ. ಬಂಡೆ ಚಾಚಿನ ಮೇಲೆ ಮೊಟ್ಟೆ ಇಡುತ್ತದೆ. ಇಲಿ ಹೆಗ್ಗಣ ತಿಂದು ಬದುಕುವ ಹಕ್ಕಿ ಶೇಂಗಾ ಬೆಳೆಯುವ ಊರಿಗೆ ಅಪಶಕುನ ಹೇಗಾಗುತ್ತದೆ? ನಮ್ಮ ಅಜ್ಜಿ ಗೂಬೆ ಕೂಗಿದರೆ ಒಲೆಗೆ ಉಪ್ಪು ಹಾಕುತ್ತಿದ್ದರು. ಅಜ್ಜಿ ತೊಂಬತ್ತು ದಾಟಿ ಬದುಕಿದರು, ಗೂಬೆಯೂ ಕೂಗುತ್ತಲೇ ಇತ್ತು.

ಯಾವ ತಿಂಗಳು, ಯಾವ ಹೊತ್ತು ಒಳ್ಳೆಯದು?

ನವೆಂಬರಿಂದ ಫೆಬ್ರವರಿ ಒಳ್ಳೆಯದು, ವಲಸೆ ಹಕ್ಕಿಗಳೂ ಇರುತ್ತವೆ. ಹುಲ್ಲು ಒಣಗಿ ಬೆಂಕಿಯ ಭಯ ಇರುವ ತಿಂಗಳಲ್ಲಿ ಗೇಟಿನಲ್ಲಿ ಬಿಡದೆ ಇರಬಹುದು, ವಾದ ಮಾಡಬೇಡಿ. ಬೀಡಿ ಸಿಗರೇಟಂತೂ ಯಾವ ಕಾಲಕ್ಕೂ ಬೇಡ. ಹೊತ್ತು ಅಂದರೆ ಬೆಳಗ್ಗೆ ಆರರಿಂದ ಒಂಬತ್ತು. ಹತ್ತು ಗಂಟೆ ಮೇಲೆ ಬಿಸಿಲಿಗೆ ಹಕ್ಕಿ ಪೊದೆ ಸೇರುತ್ತದೆ, ಗಾಳಿ ಎದ್ದು ಕಿವಿಯೂ ಕೆಡುತ್ತದೆ. ನಮ್ಮ ಗುಡ್ಡಗಳ ಗಾಳಿ ಗೊತ್ತಲ್ವಾ, ಸುಮ್ನೆ ಅಷ್ಟೊಂದು ಕರೆಂಟು ತೆಗೆಯುವ ಗಾಳಿ ಫ್ಯಾನು ನಿಲ್ಲಿಸಿಲ್ಲ.

ಏನೇನು ತರಬೇಕು?

ಮಣ್ಣಿನ ಬಣ್ಣದ ಅಥವಾ ಮಾಸಲು ಹಸಿರು ಬಟ್ಟೆ. ನೀರು. ಚಪ್ಪಲಿ ಅಲ್ಲ, ಸದ್ದು ಮಾಡದ ಶೂ. ಬೈನಾಕ್ಯುಲರ್ ಕೊಳ್ಳುವುದಾದರೆ 8x42 ಸಾಕು. ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ. ಅಂಗಡಿಯವರು ಹತ್ತು ಪಟ್ಟಿನದು ತಗೊಳ್ಳಿ ಅನ್ನುತ್ತಾರೆ. ಪೊದೆಯಲ್ಲಿ ಹುಡುಕುವವರಿಗೆ ಅದು ಕೈ ನಡುಗಿದರೂ ಅಲ್ಲಾಡುತ್ತದೆ, ಕಾಣುವ ಜಾಗವೂ ಕಿರಿದು.

ಕ್ಯಾಮೆರಾ ಬಗ್ಗೆ ನನ್ನ ಅಭಿಪ್ರಾಯ ಯಾರಿಗೂ ಹಿಡಿಸಲ್ಲ. ಮೊದಲ ವರ್ಷ ತರಬೇಡಿ.

ಮೊಬೈಲಿನಲ್ಲಿ ಅದರ ಕೂಗು ಹಾಕಿದರೆ ತಾನೇ ಬರುತ್ತಂತೆ?

ಬರುತ್ತದೆ. ಅದಕ್ಕೇ ಹಾಕಬಾರದು.

ನಾನೇ ಮಾಡಿದ ತಪ್ಪು ಹೇಳುತ್ತೇನೆ. ಐದಾರು ವರ್ಷದ ಹಿಂದೆ ಊರಿಂದ ಬಂದ ನೆಂಟರಿಗೆ ಹಳದಿ ಕೊರಳಿನ ಪಿಕಳಾರ ತೋರಿಸಿ ದೊಡ್ಡಸ್ತಿಕೆ ಮೆರೆಯಬೇಕಿತ್ತು. ಅರ್ಧ ಗಂಟೆ ಕಾದರೂ ಬರಲಿಲ್ಲ. ನೆಂಟರು ಆಕಳಿಸಲು ಶುರು ಮಾಡಿದರು. ಮೊಬೈಲ್ ತೆಗೆದು ಕೂಗು ಹಾಕಿದೆ. ಎರಡೇ ನಿಮಿಷ, ಹಕ್ಕಿ ಎದುರಿನ ಕೊಂಬೆಗೆ ಬಂತು. ಕೊಕ್ಕಿನಲ್ಲಿ ಒಂದು ಹಸಿರು ಹುಳ. ಮರಿಗೆ ಒಯ್ಯುತ್ತಿದ್ದದ್ದು. ತನ್ನ ಜಾಗಕ್ಕೆ ಬೇರೆ ಪಿಕಳಾರ ನುಗ್ಗಿದೆ ಅಂದುಕೊಂಡು ರೆಕ್ಕೆ ಕೆದರಿ ಆ ಕೊಂಬೆ, ಈ ಕೊಂಬೆ ಹಾರಾಡಿತು. ನೆಂಟರು ಫೋಟೋ ತೆಗೆದರು. ನಾವು ಎದ್ದು ಬರುವವರೆಗೂ ಅದು ಗೂಡಿನ ಕಡೆ ಹೋಗಲಿಲ್ಲ, ಹುಳವೂ ಕೊಕ್ಕಿನಲ್ಲೇ ಇತ್ತು. ಆ ಫೋಟೋ ಈಗಲೂ ಅವರ ಮನೆಯ ಹಾಲಿನಲ್ಲಿದೆ. ಹೋದಾಗೆಲ್ಲಾ ನನಗೆ ಕಾಣುವುದು ಆ ಹುಳ ಒಂದೇ.

ಕಲಿಯುವುದಕ್ಕೆ ಕೂಗು ಕೇಳಬೇಕಾ? ಮನೆಯಲ್ಲಿ ಕೇಳಿ. ಮರ್ಲಿನ್ ಅನ್ನುವ ಆಪ್ ಇದೆ, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರದ್ದು, ದುಡ್ಡಿಲ್ಲ. ಕಾಡಿನಲ್ಲಿ ಅದು ನಿಮ್ಮ ಪರವಾಗಿ ಕೇಳಿಸಿಕೊಂಡು ಹೆಸರು ಹೇಳುತ್ತದೆ. ಹೇಳಿದ್ದೆಲ್ಲಾ ನಿಜ ಅಂತ ನಂಬಬೇಡಿ, ಒಮ್ಮೊಮ್ಮೆ ನಮ್ಮ ಮೇಷ್ಟ್ರ ಸಿಳ್ಳೆಗೂ ಹಕ್ಕಿ ಹೆಸರು ಕೊಟ್ಟಿದೆ.

ನಾಲ್ಕು ಸಲ ಬಂದರೂ ಏನೂ ಕಾಣಲಿಲ್ಲ. ದಂಡ ಅಲ್ವಾ?

ಎಷ್ಟು ಹೊತ್ತು ಒಂದೇ ಕಡೆ ಕೂತಿರಿ ಅಂತ ಮೊದಲು ಹೇಳಿ. ಹೊಸಬರು ನಡೆಯುತ್ತಲೇ ಇರುತ್ತಾರೆ. ಮುಂದಿನ ತಿರುವಿನಲ್ಲಿ ಹಕ್ಕಿ ಕಾದು ಕೂತಿದೆ ಅನ್ನುವ ಹಾಗೆ. ನೀವು ಬಂದ ಸದ್ದಿಗೆ ಕಾಡು ಬಾಯಿ ಮುಚ್ಚುತ್ತದೆ. ಒಂದು ನೆರಳಿನಲ್ಲಿ ಇಪ್ಪತ್ತು ನಿಮಿಷ ಅಲ್ಲಾಡದೆ ಕೂತರೆ ಒಂದೊಂದೇ ಸದ್ದು ವಾಪಸ್ ಬರುತ್ತದೆ. ಮೊದಲು ಅಳಿಲು, ಆಮೇಲೆ ಪಿಕಳಾರ, ಕೊನೆಗೆ ನೆಲದ ಹಕ್ಕಿ. ಹದಿನೆಂಟನೇ ನಿಮಿಷಕ್ಕೆ ಎದ್ದು ಹೋದವರನ್ನು ಬಹಳ ನೋಡಿದ್ದೇನೆ.

ಕೂಗು ಕೇಳಿದರೂ ಲೆಕ್ಕಕ್ಕೆ ಬರೆದುಕೊಳ್ಳಿ. ಹಕ್ಕಿ ನೋಡುವವರು ಆನ್‌ಲೈನಿನಲ್ಲಿ ಬರೆದಿಡುವ ಇ-ಬರ್ಡ್ ಪಟ್ಟಿಯಲ್ಲೂ ಕೇಳಿದ ಹಕ್ಕಿಯನ್ನು ಸೇರಿಸಬಹುದು. ಕಂಡರೇ ಉಂಟು, ಇಲ್ಲದಿದ್ದರೆ ಇಲ್ಲ ಅನ್ನುವುದು ಕ್ಯಾಮೆರಾದವರು ತಂದ ರೋಗ.

ಕರಡಿ, ಚಿರತೆ ಇವೆಯಂತೆ?

ಎರಡೂ ಇವೆ. ಕರಡಿಗೇ ಜಾಸ್ತಿ ಹೆದರಬೇಕು, ಹತ್ತಿರದಲ್ಲಿ ತಟ್ಟನೆ ಎದುರಾದರೆ ಮೇಲೆ ಬೀಳುತ್ತದೆ. ಒಬ್ಬರೇ ಬರಬೇಡಿ, ದಾರಿ ಬಿಡಬೇಡಿ, ಸೀತಾಫಲ ಹಣ್ಣಾಗುವ ಕಾಲದಲ್ಲಿ ಪೊದೆಗೆ ನುಗ್ಗಬೇಡಿ. ಒಳಗೆ ಬಿಡುವ ವೇಳೆ, ಶುಲ್ಕ ಗೇಟಿನಲ್ಲೇ ಕೇಳಿ.

ನಮ್ಮದು ದಾವಣಗೆರೆ. ಹತ್ತಿರ ಏನಿದೆ?

ಕೊಂಡಜ್ಜಿ ಇದೆ. ಕೆರೆ, ಪಕ್ಕದಲ್ಲೇ ಗುಡ್ಡ, ಕಾಡು. ಜನ ಕೆರೆ ಹಕ್ಕಿ ನೋಡಿ ವಾಪಸ್ ಬರುತ್ತಾರೆ, ನೀವು ಗುಡ್ಡದ ಬುಡದಲ್ಲಿ ಕೂತು ನೋಡಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿಗೆಂದೇ ಇರುವ ವನ್ಯಜೀವಿ ಧಾಮ. ನಾಲ್ಕು ಕೊಂಬಿನ ಆ ಪ್ರಾಣಿಯೂ ನಮ್ಮ ಹಕ್ಕಿಗಳ ಹಾಗೇ, ಇದ್ದರೂ ಕಾಣಲ್ಲ. ಕುರುಚಲು ಕಾಡಿನ ಗೌಜಲು, ಪುರಲೆ ಅಲ್ಲಿ ಕಾಲಡಿಯಿಂದಲೇ ಬುರ್ರನೆ ಎದ್ದು ಎದೆ ಝಲ್ ಅನ್ನಿಸುತ್ತವೆ.

ಇದೆಲ್ಲಾ ಬಿಟ್ಟು ಸೀದಾ ಘಟ್ಟಕ್ಕೇ ಹೋದರೆ ಒಳ್ಳೆಯದಲ್ವಾ?

ಹೋಗಿ, ಬೇಡ ಅಂದವರ್ಯಾರು? ಅಲ್ಲಿ ಕಾಕರಣೆ ಹಕ್ಕಿ ಇದೆ. ಕೆಂಪು ಹೊಟ್ಟೆಯ ಗಂಡು ಬೆನ್ನು ತಿರುಗಿಸಿ ಅರ್ಧ ಗಂಟೆ ಅಲ್ಲಾಡದೆ ಕೂರುತ್ತದೆ. ಹಳ್ಳದ ಬದಿಯಲ್ಲಿ ಮಲಬಾರ್ ಸಿಳ್ಳಾರ, ದಾರಿ ಮರೆತ ಹುಡುಗ ಸಿಳ್ಳೆ ಹಾಕಿಕೊಂಡು ಹೋದ ಹಾಗೆ ಹಾಡುತ್ತದೆ. ಒಣ ಎಲೆಯ ಗೊಂಚಲಿನಂತೆ ಕೂರುವ ಕಪ್ಪೆಬಾಯಿ ಇದೆ. ಆದರೆ ಹಳದಿ ಕೊರಳಿನ ಪಿಕಳಾರ ನೋಡಬೇಕಾದರೆ ಆ ಕಡೆಯವರು ನಮ್ಮಂಥ ಒಣ ಗುಡ್ಡಕ್ಕೇ ಬರಬೇಕು. ಈ ಮಾತು ಹೇಳುವಾಗ ನನಗೆ ಸ್ವಲ್ಪ ಕೊಬ್ಬು ಬರುತ್ತದೆ, ಕ್ಷಮಿಸಿ.

ಗೂಡು ಸಿಕ್ಕಿದರೆ ಜಾಗ ಹಾಕಬಹುದಾ?

ಬೇಡ. ಗೂಬೆಯ ಗೂಡು, ಚಿಟ್ಟುಕೋಳಿ ಓಡಾಡುವ ಜಾಗ ಯಾವುದನ್ನೂ ವಾಟ್ಸಾಪಿನಲ್ಲಿ ಹಾಕಬೇಡಿ. ಜಿಲ್ಲೆಯ ಹೆಸರು ಸಾಕು.

ಮಕ್ಕಳನ್ನು ಕರೆತರಬಹುದಾ? ತಿಂಡಿ?

ಕರೆತನ್ನಿ. ನಮಗಿಂತ ಅವರ ಕಿವಿ ಚುರುಕು. ಹೋದ ಡಿಸೆಂಬರಿನಲ್ಲಿ ಬ್ಯಾಂಕಿನವರ ಮಗಳು, ಏಳು ವರ್ಷ, ಮಾವಾ ಅಲ್ಲಿ ಯಾರೋ ಕಸ ಗುಡಿಸ್ತಿದಾರೆ ಅಂದಳು. ಅವಳು ತೋರಿಸಿದ ಕಡೆ ಎಲೆ ಎಗರಿಸುತ್ತಿದ್ದದ್ದು ನವರಂಗ.

ತಿಂಡಿಗೆ ಇಡ್ಲಿ, ಚಪಾತಿ, ಬಾಳೆಹಣ್ಣು ಏನಾದರೂ ತನ್ನಿ. ಮಂಡಕ್ಕಿ ಮಾತ್ರ ಬೇಡ. ಅವತ್ತು ಆ ನವರಂಗ ಹಾರಿ ಹೋಗಿದ್ದು ಅವರಪ್ಪ ಮಂಡಕ್ಕಿ ಪ್ಯಾಕೆಟ್ ಬಿಚ್ಚಿದ ಸದ್ದಿಗೆ. ಮಗಳು ದುರ್ಗ ಸೇರುವವರೆಗೂ ಅಪ್ಪನ ಜೊತೆ ಮಾತಾಡಲಿಲ್ಲ.